ವ್ಯಾನಿನೊಳಗಿನ ಮೂರು ಉಂಡೆ

ಅರಕೆರೆಯ ಸೋದರತ್ತೆಯ ಮನೆ ಹಿಂದಿನ ತಗಡಿನ ಕೊಟ್ಟಿಗೆಯಲ್ಲಿ ಅವತ್ತು ನಾವು ನಾಲ್ಕು ಜನ ನಿಂತಿದ್ದೆವು. ಅತ್ತೆ, ಅತ್ತೆಯ ಗಂಡ ಅಂದರೆ ನಮ್ಮ ಮಾವ, ನನ್ನ ಹೆಂಡತಿ, ನಾನು. ನಡುವೆ ನಮ್ಮ ಹಳೇ ವ್ಯಾನು. ಅದರ ಹಿಂದಿನ ಸೀಟು ಕಿತ್ತು ಹಲಗೆ ಮಂಚ ಹಾಕಿಸಿದ್ದೆ. ಒಂದು ಗ್ಯಾಸ್ ಒಲೆ, ನೀರಿನ ಕ್ಯಾನು, ಕಿಟಕಿಗೆ ಪರದೆ. ರಜೆ ಸಿಕ್ಕಿದಾಗ ಗಂಡ ಹೆಂಡತಿ ಅದರಲ್ಲೇ ಬೇಯಿಸಿಕೊಂಡು, ಅದರಲ್ಲೇ ಮಲಗಿ ಊರೂರು ಸುತ್ತುತ್ತಿದ್ದೆವು. ಶ್ರೀರಂಗಪಟ್ಟಣದ ನಮ್ಮ ಬೀದಿಯಲ್ಲಿ ಅದನ್ನು ತಿಂಗಳುಗಟ್ಟಲೆ ನಿಲ್ಲಿಸಲು ಜಾಗವಿಲ್ಲ. ಹಾಗಾಗಿ ತಿರುಗಾಟ ಮುಗಿದ ಮೇಲೆ ಅದು ಅತ್ತೆಯ ಕೊಟ್ಟಿಗೆ ಸೇರುತ್ತಿತ್ತು.

ಸುತ್ತ ಭತ್ತದ ಕೊಯ್ಲು ಮುಗಿದಿತ್ತು. ಗದ್ದೆ ಬರಿದಾದರೆ ಇಲಿಗಳು ಊರಿಗೆ ಬರುತ್ತವೆ. ಹಿಂದಿನ ವರ್ಷ ಹೀಗೇ ಬಂದು ವೈರು ಕಡಿದಿದ್ದವು. ಅಕ್ಕಿಹೆಬ್ಬಾಳಿನ ದಾರಿಯಲ್ಲಿ ಸ್ಟೇರಿಂಗಿನ ಕೆಳಗಿನಿಂದ ಹೊಗೆ ಎದ್ದು, ಹೆಂಡತಿ ಚಪ್ಪಲಿಯನ್ನೂ ಹುಡುಕದೆ ರಸ್ತೆಗೆ ಹಾರಿದ್ದಳು. ಆ ಸುಟ್ಟ ವಾಸನೆ ನನ್ನ ಮೂಗಿನಿಂದ ಹೋಗಿರಲಿಲ್ಲ.

"ಅತ್ತೆ, ಈ ಸಲ ಇಲಿಗೆ..." ಎಂದು ಬಾಯಿ ತೆರೆದೆ.

"ಶ್! ಬಾಯ್ಮುಚ್ಚಲಾ," ಎಂದು ಅತ್ತೆ ನನ್ನ ತೋಳು ಗಿಲ್ಲಿದರು. "ಕೇಳಿಸ್ಕತ್ತವೆ."

ನಮ್ಮ ಮನೆತನದಲ್ಲಿ ಇದೊಂದು ಕಟ್ಟಳೆ. ಇಲಿಯ ವಿಚಾರವನ್ನು, ಅದಕ್ಕೆ ಏನು ಮಾಡುತ್ತೇವೆ ಎನ್ನುವುದನ್ನು ಬಾಯಿಬಿಟ್ಟು ಹೇಳಬಾರದು. ಬೋನು ಎಂದರೆ ಬೋನಿನ ಹತ್ತಿರ ಸುಳಿಯುವುದಿಲ್ಲ, ಮೇಲಾಗಿ ಸಿಟ್ಟಿಗೆ ರೇಷ್ಮೆ ಸೀರೆಯನ್ನೇ ಕತ್ತರಿಸುತ್ತವೆ ಅಂತ ಅಜ್ಜಿ ಹೇಳುತ್ತಿದ್ದರು. ಅದಕ್ಕೇ ಅವುಗಳ ಹೆಸರು 'ಅವ್ರು'. "ಅವ್ರು ಬಂದವ್ರೆ" ಅಂದರೆ ಸಾಕು, ಮನೆಯವರು ಯಾರಾದರೊಬ್ಬರು ಸದ್ದಿಲ್ಲದೆ ಏನೋ ಒಂದು ಮಾಡುತ್ತಿದ್ದರು. ಯಾರು, ಏನು ಅಂತ ಇನ್ನೊಬ್ಬರು ಕೇಳುತ್ತಿರಲಿಲ್ಲ.

ಹೀಗಾಗಿ ಅವತ್ತು ನಮ್ಮದೆಲ್ಲ ಕೈಸನ್ನೆ. ನಾನು ತಳದ ತೂತುಗಳಿಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರು ತುರುಕಿದೆ. ಹೆಂಡತಿ ಅಕ್ಕಿ ಬೇಳೆ ಡಬ್ಬಗಳನ್ನು ಕೆಳಗಿಳಿಸಿದಳು. ಮೂಲೆಯಲ್ಲಿ ಏನೋ ಸರಕ್ಕೆಂದಿತು. ಅತ್ತೆ ಅತ್ತ ಕಣ್ಸನ್ನೆ ಮಾಡಿದರು. ಅವರೆಲ್ಲ ಕಾಫಿಗೆ ಒಳಗೆ ಹೋದಾಗ ನಾನು ಹಿಂದುಳಿದು, ಪಾಂಡವಪುರದ ಸಂತೆಯಲ್ಲಿ ಕೊಂಡಿದ್ದ ಪಾಷಾಣದ ಪುಡಿಯನ್ನು ಕೊಬ್ಬರಿ ಬೆಲ್ಲದಲ್ಲಿ ಕಲಸಿ, ನೆಲ್ಲಿಕಾಯಿ ಗಾತ್ರದ ಮೂರು ಉಂಡೆ ಕಟ್ಟಿ ಮಂಚದ ಕೆಳಗೆ ಕಾಗದದ ಮೇಲಿಟ್ಟೆ. ಹೆಂಡತಿಗೂ ಹೇಳಲಿಲ್ಲ. ಆಗಾಗ ಬಾಗಿಲು ತೆಗೆದು ಗಾಳಿಯಾಡಿಸಲಿ ಎಂದು ಬೀಗದ ಕೈ ಮಾವನಿಗೆ ಕೊಟ್ಟು ಬಂದೆ.

ವಾರವೂ ಆಗಿರಲಿಲ್ಲ. ಬೆಳಗ್ಗೆ ಅತ್ತೆಯ ಫೋನು ಬಂತು. ಊರಿನ ಸುದ್ದಿ, ಎಮ್ಮೆಯ ಸುದ್ದಿ ಎಲ್ಲ ಆಯಿತು. ಕೊನೆಗೆ, "ನಿಮ್ಮಾವಂಗೆ ನಿನ್ ಗಾಡಿ ಮಂಚನೇ ಸರಿಹೋಗ್ಬುಟ್ಟೈತೆ ಕಣ್ಲಾ. ಮಧ್ಯಾಹ್ನ ಉಂಡೋರು ಸೀದಾ ಅಲ್ಲಿಗೇ. ಅದೇನ್ ಮೇಯ್ತಾರೋ, ಬರೋವಾಗ ಮೀಸೇಲಿ ಬೆಲ್ಲ ಅಂಟ್ಕಂಡಿರ್ತದೆ. ಸಕ್ಕರೆ ಕಾಯ್ಲೆ ಇಟ್ಕಂಡು ಇಂಗೆ ಮಾಡಿದ್ರೆ ಏನ್ ಯೋಳಾದು?" ಅಂದರು.

"ಅತ್ತೆ, ಮಾವನ್ನ ಗಾಡಿ ಹತ್ರ ಬುಡಬ್ಯಾಡ. ಅಲ್ಲಿ ನಾನು ಅದನ್ನ ಇಟ್ಟಿವ್ನಿ."

"ಯಾವ್ದನ್ನ?"

"ಅದೇ... ಅವ್ರಿಗೆ ಅಂತ."

"ಅವ್ರಿಗೆ ಏನ್ಲಾ? ನೆಟ್ಟಗೆ ಯೋಳು."

ಎಂಥ ಹೊತ್ತಿನಲ್ಲಿಯೂ ನಾಲಗೆ ಹಳೇ ಅಭ್ಯಾಸಕ್ಕೇ ಹೋಗುತ್ತದೆ ನೋಡಿ. ಕೊನೆಗೆ, "ಪಾಷಾಣ ಅತ್ತೆ, ಕೊಬ್ಬರಿ ಬೆಲ್ಲದಲ್ಲಿ," ಎಂದೆ. ಆ ಕಡೆ ಅತ್ತೆ ಮಾವನನ್ನು ಕೂಗುತ್ತ ಓಡಿದ್ದು ಕೇಳಿಸಿತು. ಫೋನು ಕಟ್ಟಾಯಿತು.

ಹೆಂಡತಿಗೆ ವಿಷಯ ಹೇಳಿ ಇಬ್ಬರೂ ಸ್ಕೂಟರಿನಲ್ಲಿ ಹೊರಟೆವು. ಪಾಷಾಣದ ಪೊಟ್ಟಣದ ಮೇಲೆ ಓದಿದ್ದು ನೆನಪಾಗುತ್ತಿತ್ತು. ಅದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ವಿಷ, ತಿಂದದ್ದು ಗೊತ್ತಾಗುವುದು ಮೂರು ನಾಲ್ಕು ದಿನ ಕಳೆದು ಒಸಡಿನಲ್ಲೋ ಮೂಗಿನಲ್ಲೋ ರಕ್ತ ಬಂದ ಮೇಲೆ. ಮಾವ ನಿನ್ನೆ ತಿಂದಿದ್ದರೆ? ಮೊನ್ನೆ? ದಾರಿಯುದ್ದಕ್ಕೂ ಕಬ್ಬಿನ ಟ್ರಾಕ್ಟರುಗಳು. ಒಂದನ್ನು ದಾಟುವಷ್ಟರಲ್ಲಿ ಇನ್ನೊಂದು. ಅರ್ಧ ದಾರಿಯಲ್ಲಿ ಹಿಂದೆ ಕೂತ ಹೆಂಡತಿ, "ನನಗಾದ್ರೂ ಹೇಳ್ಬಾರ್ದಿತ್ತಾ?" ಎಂದಳು.

ಮಾವ ಜಗಲಿಯ ಮೇಲೆ ಕೂತಿದ್ದರು. ಅತ್ತೆ ಎದುರಿಗೆ ನಿಂತು ಅವರ ಬಾಯಿ ತೆರೆಸಿ ನೋಡುತ್ತಿದ್ದರು.

"ಮಾವ, ಗಾಡೀಲಿದ್ದ ಉಂಡೆ ತಿಂದ್ರಾ?"

"ನಂಗೆ ಸಕ್ಕರೆ ಕಾಯ್ಲೆ ಅಲ್ವೇನ್ಲಾ. ನಾನ್ಯಾಕ್ ತಿನ್ನಲಿ ಸಿಹಿಯ?"

"ಅಯ್ಯೋ, ಈಗ್ಲಾದ್ರೂ ದಿಟ ಯೋಳ್ರೀ!" ಅತ್ತೆಯ ದನಿ ಒಡೆಯಿತು. "ನಾನ್ ಬಯ್ಯಕ್ಕಿಲ್ಲ. ನಮ್ಮಪ್ಪನಾಣೆ ಬಯ್ಯಕ್ಕಿಲ್ಲ."

ಮಾವ ನೆಲ ನೋಡಿದರು. ಆಲೆಮನೆಯಿಂದ ಅಚ್ಚು ಬೆಲ್ಲ ತಂದು ವ್ಯಾನಿನೊಳಗಿನ ನಮ್ಮ ಒಲೆಯ ಹಿಂದೆ ಬಚ್ಚಿಟ್ಟಿದ್ದರಂತೆ. ದಿನಕ್ಕೊಂದು ಚೂರು. "ಅಷ್ಟೇ ಕಣ್ಲಾ. ಉಂಡೆ ಗಿಂಡೆ ನಾನ್ ಕಾಣೆ."

ನಾನು ಕೊಟ್ಟಿಗೆಗೆ ಓಡಿ ಮಂಚದ ಕೆಳಗೆ ತಲೆ ಹಾಕಿದೆ. ಕಾಗದದ ಮೇಲೆ ಎರಡೇ ಉಂಡೆ.

ಮಾವ ಸುಳ್ಳು ಹೇಳುತ್ತಿದ್ದಾರೋ, ನಿಜ ಹೇಳುತ್ತಿದ್ದಾರೋ ಗೊತ್ತಾಗಲಿಲ್ಲ. ಬೆಲ್ಲದ ವಿಚಾರದಲ್ಲಿ ಅವರು ಅತ್ತೆಗೆ ಎಷ್ಟೋ ವರ್ಷದಿಂದ ಸುಳ್ಳು ಹೇಳಿಕೊಂಡೇ ಬಂದವರು. ಆಟೋ ಹಿಡಿದು ಅವರನ್ನು ಶ್ರೀರಂಗಪಟ್ಟಣದ ಆಸ್ಪತ್ರೆಗೆ ಕರೆತಂದೆವು. ಉಳಿದ ಪುಡಿಯ ಪೊಟ್ಟಣ ನೋಡಿ ಡಾಕ್ಟರು ರಕ್ತ ತೆಗೆಸಿದರು. ಈಗ ಸರಿಯಿದೆ, ಆದರೆ ಇದೊಂದನ್ನೇ ನಂಬುವ ಹಾಗಿಲ್ಲ, ಮೂರನೇ ದಿನ, ಐದನೇ ದಿನ ಮತ್ತೆ ಬನ್ನಿ ಎಂದರು. ಅತ್ತೆ ಮಾವ ನಮ್ಮ ಮನೆಯಲ್ಲೇ ಉಳಿದರು. ಮಾವ ಹಲ್ಲುಜ್ಜಿ ಉಗುಳಿದರೆ ನಾವು ಮೂವರೂ ಬಚ್ಚಲಿಗೆ ಇಣುಕುತ್ತಿದ್ದೆವು. "ನಾನೇನ್ ಎಮ್ಮೆ ಕರೀತಾವ್ನಿ ಅಂತವಾ, ಇಂಗ್ ನೋಡ್ತೀರಲ್ಲ!" ಎಂದು ರೇಗುತ್ತಿದ್ದರು.

ಮೂರನೇ ದಿನದ ರಕ್ತ ಸರಿಯಿತ್ತು. ನಾಲ್ಕನೇ ದಿನ ನಾನೂ ಹೆಂಡತಿಯೂ ಅರಕೆರೆಗೆ ಹೋಗಿ ವ್ಯಾನಿನಲ್ಲಿದ್ದುದನ್ನೆಲ್ಲ ಅಂಗಳಕ್ಕೆ ಇಳಿಸಿದೆವು. ಒಲೆ ಎತ್ತಿದಾಗ ಹಿಂದೆ ಪರದೆ ಚೂರುಗಳ ಗೂಡು, ಗೂಡಿನ ಪಕ್ಕ ಸತ್ತ ಇಲಿ, ಹಲ್ಲಿನ ಗುರುತಿದ್ದ ಮುಕ್ಕಾಲು ಉಂಡೆ. ಹೆಂಡತಿ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ನನಗೆ ಮಾತ್ರ ಪೂರ್ತಿ ಸಮಾಧಾನವಾಗಲಿಲ್ಲ. ಆ ಗೂಡಿಗೆ ತಾಗಿಕೊಂಡೇ ಮಾವನ ಬೆಲ್ಲದ ಪೊಟ್ಟಣವಿತ್ತು, ಅದರ ಕಾಗದವನ್ನೂ ಇಲಿ ಕಡಿದಿತ್ತು. ವಿಷ ಅಂಟಿದ ಹಲ್ಲು ಆ ಬೆಲ್ಲಕ್ಕೂ ತಾಗಿದ್ದರೆ? ಇಲಿ, ಗೂಡು, ಉಂಡೆಗಳು, ಬೆಲ್ಲ ಎಲ್ಲವನ್ನೂ ಗುಂಡಿ ತೋಡಿ ಹೂತು, ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊಂಡೆವು.

ಐದನೇ ದಿನದ ರಕ್ತವೂ ಸರಿಯಾಗಿ ಬಂತು. ಇನ್ನು ಭಯವಿಲ್ಲ, ಊರಿಗೆ ಹೋಗಬಹುದು ಎಂದರು ಡಾಕ್ಟರು. ಮಾವ ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದರು. ಅತ್ತೆ ಏನೂ ಬೇಡವೆಂದು ಅವರು ತಿನ್ನುವುದನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ಅರಕೆರೆ ಬಸ್ಸು ಬಂತು. ಇಬ್ಬರೂ ಹತ್ತಿಕೊಂಡರು.