ಇಬ್ಬರು ಅಂಬಿಕಾ, ಒಂದೇ ಹಾಲ್ ಟಿಕೆಟ್

ಆ ಕಾಗದವನ್ನು ಹರಿದು ಹಾಕಿದವಳು ನಾನು. ಹತ್ತನೇ ತರಗತಿಯ ಅಂಬಿಕಾಳ ಹೆಸರು ಪರೀಕ್ಷೆಯ ಪಟ್ಟಿಯಿಂದ ಬಿಟ್ಟುಹೋದದ್ದು ನನ್ನಿಂದ, ಅದಕ್ಕೆ ಕೆಲಸ ಕಳೆದುಕೊಂಡವನು ಮಕ್ಬೂಲ್. ಆರು ವರ್ಷ ಇದನ್ನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಯಾರಿಗೂ ಗೊತ್ತಿಲ್ಲ ಎಂದು ನಂಬಿ ಉಂಡೆ, ಮಲಗಿದೆ, ಪಾಠ ಮಾಡಿದೆ. ಆ ನಂಬಿಕೆಯೂ ಸುಳ್ಳು ಎಂದು ಕಳೆದ ತಿಂಗಳು ಗೊತ್ತಾಯಿತು. 

ಸೇಡಂ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಕನ್ನಡ ಕಲಿಸಿದವಳು ನಾನು. ಮಕ್ಕಳ ಬಾಯಲ್ಲಿ ಶಾಂತಾ ಟೀಚರ್. ಕೊನೆಯ ಕೆಲವು ವರ್ಷಗಳಲ್ಲಿ ನಮ್ಮ ಶಾಲೆಗೆ ಕಂಪ್ಯೂಟರ್ ಲ್ಯಾಬ್ ಬಂತು, ಸ್ಮಾರ್ಟ್ ಬೋರ್ಡ್ ಬಂತು, ಅವುಗಳ ಹಿಂದೆಯೇ ಮಕ್ಬೂಲ್ ಬಂದ. ಶಹಾಬಾದ್ ಪಕ್ಕದ ಭಂಕೂರಿನ ಹುಡುಗ. ಅಪ್ಪ ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕಡಿಯುವವನು. ಮಗ ಡಿಪ್ಲೊಮಾ ಓದಿ, ಕಾಂಟ್ರಾಕ್ಟ್ ಮೇಲೆ ನಮ್ಮಲ್ಲಿ ಸೇರಿದ್ದ. ಲ್ಯಾಬ್ ನೋಡಿಕೊಳ್ಳುವುದು, ಕೆಟ್ಟ ವೈರು ಸರಿಮಾಡುವುದು, ಶಾಲೆಯ ಆನ್‌ಲೈನ್ ಕೆಲಸವಷ್ಟೂ ಅವನದೇ — ಮಕ್ಕಳ ಮಾಹಿತಿ, ಅಂಕಗಳು, ಪರೀಕ್ಷೆಯ ನೋಂದಣಿ.

ಮಕ್ಕಳು ಅವನನ್ನು ಸರ್ ಎನ್ನುತ್ತಿದ್ದರು. ನಮಗೆ ಅದು ಸೇರುತ್ತಿರಲಿಲ್ಲ. ಬಿ.ಎಡ್. ಮಾಡಿದವರು ನಾವು, ಮೌಸ್ ಹಿಡಿದವನಿಗೂ ಸರ್, ನಮ್ಮ ಮಾಸ್ತರರಿಗೂ ಸರ್ ಎಂದರೆ ಹೇಗೆ? "ಅವರು ಸರ್ ಅಲ್ಲ, ಆಪರೇಟರ್" ಎಂದು ತರಗತಿಯಲ್ಲಿ ನಾನೇ ತಿದ್ದಿದ್ದೇನೆ. ಸ್ಟಾಫ್ ರೂಮಿಗೆ ಚಹಾ ಬಂದಾಗ ಅವನ ಲೋಟ ಲ್ಯಾಬಿಗೆ ಹೋಗುತ್ತಿತ್ತು. ಆದರೆ ನಮ್ಮ ಸ್ವಂತ ಕೆಲಸಕ್ಕೆ ಅವನೇ ಬೇಕು — ನನ್ನ ಮಗಳ ಕಾಲೇಜಿನ ಅರ್ಜಿಯನ್ನೂ ಅವನೇ ತುಂಬಿದ್ದ. ಅವನೂ ತಗ್ಗಿ ನಡೆಯುವವನಲ್ಲ. "ಮೇಡಂ, ಪಾಸ್‌ವರ್ಡ್ ನಿಮ್ಮದು. ನೀವೇ ಹಾಕೋದು ಕಲೀರಿ, ನಾ ಎಷ್ಟು ದಿನ ಹಾಕ್ಲಿ?" ಎಂದು ಎಲ್ಲರ ಎದುರು ಅಂದುಬಿಡುತ್ತಿದ್ದ.

ಒಂದು ದಿನ ತಾಲ್ಲೂಕಿನ ಅಧಿಕಾರಿಗಳು ನನ್ನ ಪಾಠ ನೋಡಲು ಬಂದರು. ಸ್ಮಾರ್ಟ್ ಬೋರ್ಡಿನ ಮುಂದೆ ನಿಂತೆ. ಏನೋ ಒತ್ತಿದೆ, ಬೋರ್ಡು ಕಪ್ಪಾಯಿತು. ಬಾಗಿಲಲ್ಲಿ ನಿಂತಿದ್ದ ಮಕ್ಬೂಲ್ ಒಳಗೆ ಬಂದ. "ಮೇಡಂ, ಅದಲ್ರಿ. ಅದು ಬಂದ್ ಮಾಡೋ ಬಟನ್ ಅದ." ಮಕ್ಕಳು ನಕ್ಕರು. ಅಧಿಕಾರಿಗಳೂ ನಕ್ಕರು. ಅವನು ನಕ್ಕಿರಲಿಲ್ಲ, ಅದು ನನಗೆ ಚೆನ್ನಾಗಿ ನೆನಪಿದೆ — ಆದರೂ ನನ್ನ ಸಿಟ್ಟೆಲ್ಲ ಅವನ ಮೇಲೆಯೇ ಉಳಿಯಿತು.

ಪರೀಕ್ಷೆಯ ನೋಂದಣಿ ಬಂದದ್ದು ಅದಾದ ಮೇಲೆ. ನಾನು ಹತ್ತನೇ ತರಗತಿಯ ಕ್ಲಾಸ್ ಟೀಚರ್. ಪಾಠ ನಡೆಯುತ್ತಿದ್ದಾಗ ಮಕ್ಬೂಲ್ ಹೆಸರುಗಳ ಪಟ್ಟಿ ಹಿಡಿದು ಬಂದ. ಎರಡು ಹೆಸರಿಗೆ ಪೆನ್ಸಿಲಿನಿಂದ ಸುತ್ತು ಹಾಕಿದ್ದ.

"ಮೇಡಂ, ನಿಮ್ಮ ಕ್ಲಾಸಿನಾಗ ಇಬ್ಬರು ಅಂಬಿಕಾ ಅದಾರ. ಹುಟ್ಟಿದ ತಾರೀಖು ಇಬ್ಬರದೂ ಒಂದೇ ಬಂದದ. ಡಬಲ್ ಅಂತ ಕಂಪ್ಯೂಟರ್ ಒಂದು ಹೆಸರು ತಗದು ಹಾಕಲಿಕತ್ತದ. ರಿಜಿಸ್ಟರ್ ನೋಡಿ, ಯಾವುದು ತಪ್ಪು ಅಂತ ಇವತ್ತೇ ಹೇಳ್ರಿ."

"ಪಾಠ ಮಾಡಾಕತ್ತೀನಿ, ಕಾಣ್ಸಲ್ಲೇನು?" ಎಂದೆ. ಪಟ್ಟಿ ನನಗೆ ತಲುಪಿದ್ದಕ್ಕೆ ಇನ್ನೊಂದು ಪ್ರತಿಯ ಮೇಲೆ ಸಹಿ ಕೇಳಿದ. ನೋಡದೇ ಗೀಚಿದೆ. ಪಟ್ಟಿಯನ್ನು ಬ್ಯಾಗಿಗೆ ತುರುಕಿದೆ. ಮರುದಿನ ಕೇಳಿದ, ಅದರ ಮರುದಿನವೂ ಕೇಳಿದ. ಅವನು ಹೇಳಿದ ಕೆಲಸ ನಾನೇಕೆ ಓಡಿ ಓಡಿ ಮಾಡಬೇಕು ಎನ್ನುವ ಹಟ. ನಾಲ್ಕನೆಯ ದಿನ ಬ್ಯಾಗು ಕೂಡ ತೆರೆಯದೇ ಹೇಳಿದೆ — "ಎಲ್ಲಾ ಸರಿ ಅದ. ಕಳಸ್ರಿ."

ರಿಜಿಸ್ಟರ್ ತೆಗೆದು ನೋಡುವುದು ಐದು ನಿಮಿಷದ ಕೆಲಸವಾಗಿತ್ತು.

ಹಾಲ್ ಟಿಕೆಟ್ ಬಂದ ದಿನ ಎಲ್ಲರಿಗೂ ಹಂಚಿದೆ. ಕುರಕುಂಟಾದ ಹಣಮಂತನ ಮಗಳು ಅಂಬಿಕಾ ಕೈ ಚಾಚಿಕೊಂಡೇ ನಿಂತಿದ್ದಳು. ನನ್ನ ಕೈಯಲ್ಲಿ ಏನೂ ಉಳಿದಿರಲಿಲ್ಲ. "ನಂದು, ಟೀಚರ್?" ಎಂದಳು. ಹೆಡ್ ಮಾಸ್ತರರ ಕೋಣೆಗೆ ಓಡಿದೆ. ಅವರು ಗೊತ್ತಿದ್ದ ಕಚೇರಿಗಳಿಗೆಲ್ಲ ಫೋನ್ ಮಾಡಿದರು. ತಿದ್ದುವ ಕೊನೆಯ ದಿನ ಎಂದೋ ದಾಟಿತ್ತು.

ನನ್ನನ್ನೂ ಮಕ್ಬೂಲನನ್ನೂ ಕರೆದು ನಿಲ್ಲಿಸಿ ಕೇಳಿದರು. ಮಕ್ಬೂಲ್ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. ಆ ಮಾತು ಈಗಲೂ ನನ್ನ ಕಿವಿಯಲ್ಲೇ ಇದೆ:

"ನಾ ಎಲ್ಲಾ ನೋಡಿ ಹೇಳೀನ್ರಿ ಸರ್. ಇಬ್ಬರು ಅಂಬಿಕಾ ಅದಾರ ಅಂತ ನಾನೇ ಹೇಳೀನಿ. ಇವರೇ ಹಾಕಿಲ್ಲ."

ಅವನು ನನ್ನ ಕಡೆ ತಿರುಗಿದ. ಸಿಟ್ಟಿನಿಂದಲ್ಲ — ತಪ್ಪು ಕೇಳಿಸಿಕೊಂಡೆನೇನೋ, ಇನ್ನೊಮ್ಮೆ ಹೇಳುತ್ತಾರೇನೋ ಎಂದು ಕಾಯುವವನ ಹಾಗೆ. ನಾನು ಹೊರಗೆ ಬಂದೆ. ಬಚ್ಚಲಿಗೆ ಹೋಗಿ ಬ್ಯಾಗಿನಿಂದ ಆ ಪಟ್ಟಿ ತೆಗೆದು, ಪೆನ್ಸಿಲಿನ ಸುತ್ತುಗಳ ಸಮೇತ ಚೂರು ಚೂರು ಮಾಡಿ ನೀರು ಹಾಕಿದೆ.

ಮರುದಿನ ಹಣಮಂತ ಬಂದ. ಸಿಮೆಂಟ್ ಕಾರ್ಖಾನೆಯಲ್ಲಿ ಚೀಲ ಹೊರುವ ಕೂಲಿ. ತಲೆಕೂದಲಲ್ಲಿ ಬೂದಿಬಣ್ಣದ ಪುಡಿ ಹಾಗೇ ಇತ್ತು. ಮಗಳ ವರ್ಷ ಹೋಯಿತೆಂದು ಯಾರೋ ಹೇಳಿದ್ದರು, ಯಾರಿಂದ ಎಂದೂ ಹೇಳಿದ್ದರು. ಅಂಗಳದಲ್ಲಿ, ಪ್ರಾರ್ಥನೆಗೆ ನಿಂತ ಮಕ್ಕಳೆಲ್ಲರ ಎದುರು, ಮಕ್ಬೂಲನ ಕೆನ್ನೆಗೆ ಹೊಡೆದ.  "ಅಣ್ಣಾ, ನಾ ಅಲ್ರಿ..." ಎಂದ ಮಕ್ಬೂಲ್. ಅಷ್ಟೇ. ಆಮೇಲೆ ವರಾಂಡದಲ್ಲಿ ನಿಂತಿದ್ದ ನನ್ನನ್ನು ನೋಡಿದ. ನಾನು ಕೈಯಲ್ಲಿದ್ದ ಹಾಜರಿ ಪುಸ್ತಕ ನೋಡುತ್ತ ನಿಂತೆ.

ವಾರದೊಳಗೆ ಅವನನ್ನು ತೆಗೆದರು. ಅಂಬಿಕಾ ಒಂದು ವರ್ಷ ಊರ ಕೂಲಿಯವರ ಜೊತೆ ತೊಗರಿ ಕೊಯ್ಯಲು ಹೋಗಿ, ಮರುವರ್ಷ ಪರೀಕ್ಷೆ ಬರೆದು ಪಾಸಾದಳು. ಆ ಸುದ್ದಿ ಕೇಳಿದ ದಿನ ನಾನು ಪೇಢೆ ತಂದು ಸ್ಟಾಫ್ ರೂಮಿನಲ್ಲಿ ಹಂಚಿದೆ. ಎಲ್ಲ ಸರಿಹೋಯಿತು ಎಂದುಕೊಂಡೆ. ಮಕ್ಬೂಲನ ಬಗ್ಗೆ — ಇಲ್ಲ, ಯೋಚಿಸಲಿಲ್ಲ ಎಂದರೆ ಸುಳ್ಳು. ಯೋಚನೆ ಬಂದಾಗಲೆಲ್ಲ ಎದ್ದು ಬೇರೆ ಕೆಲಸ ಮಾಡುತ್ತಿದ್ದೆ.

ಕಳೆದ ತಿಂಗಳು ನನ್ನ ನಿವೃತ್ತಿ. ಶಾಲು ಹೊದಿಸಿದರು, ಫೋಟೊ ತೆಗೆದರು. ಎಂದೋ ನಿವೃತ್ತರಾಗಿದ್ದ ಆ ಹಳೆಯ ಹೆಡ್ ಮಾಸ್ತರರೂ ಬಂದಿದ್ದರು. ಊಟಕ್ಕೆ ಕುಳಿತಾಗ, ಎಲೆಯ ಮೇಲೆ ಹೋಳಿಗೆ ಮುರಿಯುತ್ತ, ನಗುನಗುತ್ತ ಅಂದರು:

"ಶಾಂತಾ ಮೇಡಂ, ಇಷ್ಟು ಆರಾಮ ರಿಟೈರ್ ಆಗಾಕತ್ತೀರಿ ಅಂದ್ರ ನನ್ನ ಪುಣ್ಯ ಅದ ನೋಡ್ರಿ. ಆ ಕಂಪ್ಯೂಟರ್ ಹುಡುಗ ನಿಮ್ಮ ಸಹಿ ಇರೋ ಕಾಗದ ತಂದು ಟೇಬಲ್ ಮ್ಯಾಲ ಇಟ್ಟಿದ್ದ. ಅದನ್ನ ನಾನೇ ಮುಚ್ಚಿ ಹಾಕೀನಿ. ನಮ್ಮ ಮಂದೀನ ನಾವು ಬಿಟ್ಟು ಕೊಡಾಕಾಗ್ತದೇನ್ರಿ?"

ನೋಡದೇ ಗೀಚಿದ ಆ ಸಹಿ — ಆಗ ನೆನಪಾಯಿತು.  ಸುತ್ತ ನೋಡಿದೆ. ಯಾರೂ ಬೆಚ್ಚಲಿಲ್ಲ. ಯಾರೂ "ಯಾವ ಕಾಗದ?" ಎಂದು ಕೇಳಲಿಲ್ಲ. ಗಣಿತದ ಮೇಡಂ ಅನ್ನಕ್ಕೆ ತುಪ್ಪ ಹಾಕಿಕೊಳ್ಳುತ್ತಿದ್ದರು. "ಈಗ್ಯಾಕ್ರಿ ಸರ್ ಆ ಹಳೇ ಮಾತು? ಊಟ ಮಾಡ್ರಿ" ಎಂದರು ಡ್ರಾಯಿಂಗ್ ಮಾಸ್ತರು.

ಎಲ್ಲರಿಗೂ ಗೊತ್ತಿತ್ತು. ಆರು ವರ್ಷದಿಂದ, ಪ್ರತಿಯೊಬ್ಬರಿಗೂ. ನನ್ನ ಜೊತೆ ಚಹಾ ಕುಡಿದವರಿಗೆ, ನಾನು ಹಂಚಿದ ಪೇಢೆ ತಿಂದವರಿಗೆ. ನಾನು ಉಸಿರು ಬಿಗಿಹಿಡಿದು ಬಚ್ಚಿಟ್ಟದ್ದನ್ನು ಯಾರಿಂದಲೂ ಬಚ್ಚಿಡುವ ಅಗತ್ಯವೇ ಇರಲಿಲ್ಲ — ಕೆಲಸ ಹೋದದ್ದು ಒಬ್ಬ ಆಪರೇಟರನದು, ಅಷ್ಟೇ ತಾನೇ. ನನ್ನನ್ನು ಯಾರಾದರೂ ಬೈದಿದ್ದರೆ ಇಷ್ಟು ಗಾಬರಿಯಾಗುತ್ತಿರಲಿಲ್ಲ. ಹೆಡ್ ಮಾಸ್ತರರು ನನ್ನಿಂದ ಥ್ಯಾಂಕ್ಸ್ ನಿರೀಕ್ಷಿಸುತ್ತಿದ್ದರು. ಎದ್ದು ಕೈತೊಳೆದುಕೊಂಡೆ. ಶಾಲು ಅಲ್ಲೇ ಬಿಟ್ಟು ಬಂದೆ.

ಮೂರು ದಿನದ ಮೇಲೆ ವಾಡಿಗೆ ಹೋದೆ. ಸ್ಟೇಷನ್ ಹತ್ತಿರ ಆನ್‌ಲೈನ್ ಅರ್ಜಿ ತುಂಬುವ ಸಣ್ಣ ಅಂಗಡಿ ಮಕ್ಬೂಲನದು. ಯಾರೋ ಮುದುಕಿಯ ಹೆಬ್ಬೆರಳು ಯಂತ್ರದ ಮೇಲೆ ಒತ್ತಿಸುತ್ತಿದ್ದ. ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ಮುದುಕಿ ಹೋದ ಮೇಲೆ ಎಲ್ಲವನ್ನೂ ಹೇಳಿದೆ, ಕಾಗದ ಹರಿದದ್ದನ್ನೂ.

"ಗೊತ್ತದ್ರಿ" ಎಂದ. "ಹೆಡ್ ಮಾಸ್ತರ್ ಅಂದ್ರು, ಅವರು ಪರ್ಮನೆಂಟ್ ಅದಾರ, ನೀ ಕಾಂಟ್ರಾಕ್ಟ್ ಅದೀದಿ, ನಿನಗ ಇನ್ನೆಲ್ಲಾದ್ರೂ ಸಿಗತದ ಅಂತ. ಎಲ್ಲಿ ಸಿಗತದ್ರಿ? ಕೆಲಸ ಕೇಳಾಕ ನಾಲ್ಕು ಸಾಲಿಗೆ ಹೋದೆ. ನಾಲ್ಕೂ ಸಾಲಿಯವರು ನಿಮ್ಮ ಸಾಲಿಗೆ ಫೋನ್ ಹಚ್ಚಿ ಕೇಳಿದ್ರು."

"ನನ್ನನ್ನ ಮಾಫ್ ಮಾಡು" ಎಂದೆ.

"ನಿಮ್ಮ ಮಾಫಿ ತಗೊಂಡು ನಾ ಏನ್ ಮಾಡ್ಲಿ, ಮೇಡಂ?" ಧ್ವನಿ ಏರಿರಲಿಲ್ಲ. "ನಮ್ಮ ಅಬ್ಬಾ ಸಾಯೋ ತನಕ ಒಂದೇ ಮಾತು ಕೇಳಿದ್ರು — ಒಂದು ಹುಡುಗಿ ಹೆಸರು ಹೆಂಗ ಮರತಿ ಬೇಟಾ ಅಂತ. ನಾ ಮರತಿಲ್ಲ ಅಂದ್ರೂ ನಂಬಲಿಲ್ಲ. ಸಾಲಿ ಟೀಚರ್ ಸುಳ್ಳು ಹೇಳ್ತಾರೇನು ಅಂದ್ರು." ಹೆಬ್ಬೆರಳಿನ ಯಂತ್ರ ಒರೆಸಿ ಪಕ್ಕಕ್ಕಿಟ್ಟ. "ಅವರಂತೂ ಹೋದ್ರು. ಆ ಹುಡುಗಿ ಅಪ್ಪ ಅದಾನ. ಬಸ್ಸಿನಾಗ ನನ್ನ ನೋಡಿದ್ರ ಇವತ್ತಿಗೂ ಮಾರಿ ತಿರುಗಿಸ್ತಾನ. ಹೇಳೋದಿದ್ರ ಅವನಿಗೆ ಹೇಳ್ರಿ."

ಮರುದಿನವೇ ಕುರಕುಂಟಾಕ್ಕೆ ಹೋದೆ. ಹಣಮಂತ ಪಾಳಿ ಮುಗಿಸಿ ಬಂದು ಬನಿಯನ್ನಿನಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ. "ಬರ್ರಿ ಟೀಚರ್, ಕುಂದ್ರಿ" ಎಂದು ಎದ್ದು ನಿಂತ. ಅಂಬಿಕಾ ಕಲಬುರಗಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ ಎಂದು ಹೆಮ್ಮೆಯಿಂದ ಹೇಳಿ, ಒಳಗಿನಿಂದ ತಂಬಿಗೆಯಲ್ಲಿ ನೀರು ತಂದ. ಕುಡಿಯುವ ಮೊದಲೇ ಹೇಳಿಬಿಟ್ಟೆ. ಕುಡಿದ ಮೇಲೆ ಹೇಳುವ ಧೈರ್ಯ ಇರುತ್ತಿರಲಿಲ್ಲ.

ಅವನಿಗೆ ಬಹಳ ಹೊತ್ತು ಅರ್ಥವೇ ಆಗಲಿಲ್ಲ. ಎರಡು ಸಲ ಹೇಳಬೇಕಾಯಿತು.

"ಟೀಚರ್," ಎಂದ ಕೊನೆಗೆ, "ನಾ ಎಲ್ಲಾ ಹುಡುಗರ ಮುಂದ ಹೊಡದೀನ್ರಿ ಅವರಿಗೆ. ನೀವು ಅಲ್ಲೇ ನಿಂತಿದ್ರಿ."

"ನಿಂತಿದ್ದೆ."

"ನೋಡಿದ್ರಿ?"

"ನೋಡಿದೆ."

 ಹಣಮಂತ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ. ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ. "ಆ ಹುಡುಗನ ಅಂಗಡಿ ವಾಡಿಯಾಗ ಎಲ್ಲಿ ಬರ್ತದ್ರಿ?" ಎಂದು ಕೇಳಿದ. ಹೇಳಿದೆ. ನನ್ನನ್ನು ಜೊತೆಗೆ ಕರೆಯಲಿಲ್ಲ, ಹಿಂತಿರುಗಿಯೂ ನೋಡಲಿಲ್ಲ. ಬಸ್ಸಿನ ಕಡೆಗೆ ನಡೆದೇಬಿಟ್ಟ. ಸತ್ಯ ಕೇಳಿದ ಕ್ಷಣ ಅವನು ಹೊರಟ. ನಾನು ಆರು ವರ್ಷ...

ಇದನ್ನೆಲ್ಲ ಶಿಕ್ಷಣ ಇಲಾಖೆಗೆ ಬರೆದು ಕೊಟ್ಟಿದ್ದೇನೆ. ಕಚೇರಿಯ ಗುಮಾಸ್ತರು ಓದಿ, ಬಾಗಿಲು ಮುಂದಕ್ಕೆ ಎಳೆದು, "ಮೇಡಂ, ನಿಮ್ಮ ಪೆನ್ಶನ್‌ಗೆ ತ್ರಾಸ್ ಆಗ್ತದ, ವಾಪಸ್ ತಗೋರಿ" ಎಂದರು. ಸೀಲು ಹಾಕಿಸಿಕೊಂಡು ಬಂದೆ. ಅದರ ಪ್ರತಿಯನ್ನು, ನಮ್ಮ ಶಾಲೆಯಲ್ಲಿ ವಿಚಾರಿಸಿ, ಮಕ್ಬೂಲ್ ಕೆಲಸ ಕೇಳಿದ್ದ ನಾಲ್ಕೂ ಶಾಲೆಗಳಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಬರುವ ಪರಿಣಾಮ ಬರಲಿ. ಇದರಿಂದ ಅವನ ಆರು ವರ್ಷ ಹಿಂದಕ್ಕೆ ಬರುವುದಿಲ್ಲ, ಅವನ ಅಪ್ಪನಿಗೆ ಕೇಳಿಸುವುದೂ ಇಲ್ಲ.

ವಾಡಿಯಲ್ಲಿ ಅವರಿಬ್ಬರ ನಡುವೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಹೋಗಿ ಕೇಳಬೇಕೆಂದು ಎಷ್ಟೋ ಸಲ ಅನ್ನಿಸಿದೆ. ಕೇಳುವ ಹಕ್ಕು ನನಗಿಲ್ಲ.