ಸೋಮವಾರದ ಸಲಾಡ್

"ಸೋಯಾ" ಅಂದೆ.

ಎರಡೇ ಅಕ್ಷರ. ಹೇಳುವಾಗ ನಾಲಿಗೆ ತೊದಲಲಿಲ್ಲ. ಜೊತೆಗೆ ಒಂದು ಸಣ್ಣ ನಗೆಯನ್ನೂ ಸೇರಿಸಿದ್ದೆ. ಆ ಎರಡಕ್ಷರ ಅರಕಲಗೂಡಿನ ಒಂದು ಮನೆಗೆ ಹೋಗಿ ಏನೇನು ಮಾಡಿತು ಅನ್ನುವುದನ್ನು ಈ ವಾರ ಬರೆಯಬೇಕಾಗಿದೆ. ಬರೆಯಲು ನಾಚಿಕೆ. ಆದರೆ ನನ್ನ ಅಡುಗೆಯ ಜಂಬವನ್ನು ಈ ಜಾಗದಲ್ಲಿ ಎಷ್ಟೋ ಸಲ ಸಹಿಸಿಕೊಂಡವರು ನೀವು. ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಆವತ್ತು ನನಗೆ ರಜೆ. ಹೆಂಡತಿ ಶಾಂತ ಟೀಚರ್, ಸಾಲಗಾಮೆ ಕಡೆಯ ಸ್ಕೂಲಿಗೆ ಹೋಗಿದ್ದಳು. ಹಾಸನದ ಮನೆಯಲ್ಲಿ ನಾನೊಬ್ಬನೇ. ಫ್ರಿಜ್ಜಿನಲ್ಲಿ ಹಿಂದಿನ ದಿನದ ಸೊಪ್ಪಿನ ಸಾರು ಇತ್ತು. ಆದರೆ ಮೊಬೈಲಿನಲ್ಲಿ ಅಡುಗೆ ವಿಡಿಯೋ ನೋಡುವ ಗಂಡಸಿಗೆ ತಂಗಳು ಸಾರು ರುಚಿಸುತ್ತದೆಯೇ? ಶೆಲ್ಫಿನಲ್ಲಿ ಕೈಯಾಡಿಸಿದೆ. ಹುರಿಗಡಲೆ ಡಬ್ಬಿಯ ಹಿಂದೆ ಟ್ಯೂನಾ ಮೀನಿನ ಟಿನ್ ಒಂದು ಸಿಕ್ಕಿತು. ಯಾವತ್ತೋ ಸೂಪರ್‌ಮಾರ್ಕೆಟ್ಟಿನಲ್ಲಿ ಆಸೆಪಟ್ಟು ತಂದದ್ದು. (ಬೇಯಿಸಿ, ಎಣ್ಣೆಯಲ್ಲಿ ಮುಳುಗಿಸಿ, ಸೀಲ್ ಮಾಡಿರುತ್ತಾರೆ. ಮುಚ್ಚಳ ಕಿತ್ತರೆ ಆಯಿತು.)

ವಿಡಿಯೋದವನು ಮಯೋನೀಸ್ ಹಾಕಿ ಅಂದ. ನಮ್ಮನೆಯಲ್ಲಿ ಅದೆಲ್ಲಿ ಬರಬೇಕು? ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದೆ. ಈರುಳ್ಳಿ, ಸೌತೆಕಾಯಿ, ಹಸಿಮೆಣಸು ಸಣ್ಣಗೆ ಹೆಚ್ಚಿದೆ. ಟಿನ್ನಿನ ಎಣ್ಣೆ ಬಸಿದು ಮೀನನ್ನು ಬೆರಳಲ್ಲಿ ಎಳೆ ಎಳೆಯಾಗಿ ಬಿಡಿಸಿದೆ. ಮೆಣಸಿನ ಪುಡಿ, ಒಂದಿಷ್ಟು ಸಾಸಿವೆ ಪುಡಿ, ಕೈತುಂಬ ಕೊತ್ತಂಬರಿ ಸೊಪ್ಪು, ಒಂದು ಇಡೀ ನಿಂಬೆಹಣ್ಣು. ಬ್ರೆಡ್ಡಿನ ನಡುವೆ ಇಟ್ಟು ತವದ ಮೇಲೆ ಬಿಸಿ ಮಾಡಿದೆ. ಸತ್ಯ ಹೇಳುತ್ತೇನೆ, ಅದ್ಭುತವಾಗಿತ್ತು.

ನಮ್ಮ ಕಡೆ ಮೀನು ಅಂದರೆ ಮನೆಗೆಲ್ಲ ಗೊತ್ತಾಗುವ ವಿಷಯ. ಬೂದಿ ಹಾಕಿ ತಿಕ್ಕಬೇಕು, ಮೈ ಮೇಲಿನ ಸಿಪ್ಪೆ ಹೆರೆಯಬೇಕು, ಬೆಕ್ಕು ಓಡಿಸಬೇಕು. ಇಲ್ಲಿ ಅದ್ಯಾವುದೂ ಇಲ್ಲ. ಹಾಗಾಗಿ ನಾನು ಮೀನಿನ ಅಡುಗೆ ಮಾಡುತ್ತಿದ್ದೇನೆ ಅಂತ ನನಗೇ ಅನ್ನಿಸಿರಲಿಲ್ಲ. ರಜೆಯ ಗುಂಗಿನಲ್ಲಿ ಅದು ಯಾವ ವಾರ ಅನ್ನುವುದೂ ತಲೆಯಲ್ಲಿರಲಿಲ್ಲ.

ಅಷ್ಟರಲ್ಲಿ ಕಾಲಿಂಗ್ ಬೆಲ್. ಬಾಗಿಲಲ್ಲಿ ಶಾಂತಳ ತಂಗಿ ಸುಮಿತ್ರ. ಯಾರದೋ ಮದುವೆಗೆ ಬ್ಲೌಸ್ ಪೀಸ್ ತೆಗೆಯಲು ಅರಕಲಗೂಡಿನಿಂದ ಬಂದವಳು. ನೆಗಡಿಯಾಗಿ ಮೂಗು ಕಟ್ಟಿತ್ತು, ಹಸಿವಿನಿಂದ ಮುಖ ಬಾಡಿತ್ತು. ತಟ್ಟೆ ಮುಂದಿಟ್ಟೆ.

"ಇದೇನ್ ಭಾವ, ಬ್ರೆಡ್ ಒಳ್ಗೆ?"

"ಸಲಾಡ್ ಕಣಮ್ಮ. ತಿಂದು ನೋಡು."

ತಿಂದಳು. ಇನ್ನೊಂದು ಕೇಳಿ ಹಾಕಿಸಿಕೊಂಡಳು. "ಅಯ್ಯೋ ಭಾವ, ಏನ್ ರುಚಿಯಾಗೈತೆ! ನಮ್ಮಕ್ಕ ಪುಣ್ಯ ಮಾಡಿದ್ಲು ಬುಡಿ" ಅಂದಳು. ನಾನು ಉಬ್ಬಿಹೋದೆ.

ಕೈ ತೊಳೆಯುತ್ತಾ ಅವಳೇ ಹೇಳಿದಳು. "ಇವತ್ತು ಸೋಮ್ವಾರ ಅಂತ ಓಟ್ಲಲ್ಲಿ ಏನೂ ಮುಟ್ನಿಲ್ಲ ಭಾವ. ಎಲ್ಲಾದಕ್ಕೂ ಒಂದೇ ಸೌಟು ಆಕ್ಬುಡ್ತಾರೆ. ನಿಮ್ಮನೇಲಾದ್ರೆ ಭಯ ಇಲ್ಲ ಅಂತ ಬಂದೆ."

ಸೋಮವಾರ! ಆಗಲೇ ನನಗೆ ನೆನಪಾದದ್ದು.

ಸುಮಿತ್ರಳ ಮಗಳು ಚೈತ್ರ ಏಳು ತಿಂಗಳಿಗೇ ಹುಟ್ಟಿದ ಕೂಸು. ಗಾಜಿನ ಪೆಟ್ಟಿಗೆಯಲ್ಲಿಟ್ಟ ಅಂಗೈಯಷ್ಟು ಮಗುವನ್ನು ನೋಡುತ್ತಾ ಸುಮಿತ್ರ ಮಂಜುನಾಥನಿಗೆ ಹರಕೆ ಹೊತ್ತಿದ್ದಳು: ಇವಳ ಕತ್ತಿಗೆ ತಾಳಿ ಬೀಳುವವರೆಗೆ ಸೋಮವಾರ ಮಾಂಸ ಮೀನು ಮುಟ್ಟುವುದಿಲ್ಲ. ಚೈತ್ರ ಈಗ ಡಿಗ್ರಿ ಓದುತ್ತಿದ್ದಾಳೆ. ಅಷ್ಟೂ ವರ್ಷ ಸುಮಿತ್ರ ಒಂದು ಸೋಮವಾರವನ್ನೂ ತಪ್ಪಿಸಿದವಳಲ್ಲ. ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು.

"ಅದೇನ್ ಭಾವ ಅದ್ರಲ್ಲಿ, ಮೆತ್ತಗೆ ಎಳೆ ಎಳೆಯಾಗಿ ಸಿಕ್ತಿತ್ತಲ್ಲ?" ಅಂತ ಕೇಳಿದಳು.

ಆಗ ಹೇಳಿದ್ದು, ಸೋಯಾ ಅಂತ.

ನಿಜ ಹೇಳಿದ್ದರೆ ಏನಾಗುತ್ತಿತ್ತು? ಬಾಯಿ ಮುಕ್ಕಳಿಸುತ್ತಿದ್ದಳು, ಅಳುತ್ತಿದ್ದಳು, ನನ್ನನ್ನು ಬೈಯುತ್ತಿದ್ದಳು. ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡು ದೇವರಿಗೆ ತಪ್ಪುಕಾಣಿಕೆ ಕಟ್ಟುತ್ತಿದ್ದಳು. ಸಂಜೆಯೊಳಗೆ ಮುಗಿದುಹೋಗುತ್ತಿತ್ತು. ಅವಳ ನೆಮ್ಮದಿ ಕೆಡಬಾರದು ಅಂತ ಸುಳ್ಳು ಹೇಳಿದೆ ಎಂದು ಸ್ವಲ್ಪ ದಿನ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳೇ. ಹೊಗಳಿದ ಬಾಯಲ್ಲೇ ಬೈಸಿಕೊಳ್ಳುವುದು ನನಗೆ ಬೇಡವಾಗಿತ್ತು, ಅಷ್ಟೇ.

ವಾರ ಕಳೆದ ಮೇಲೆ ಫೋನ್ ಬಂತು. "ಭಾವ, ಸೋಯಾ ನೆನ್ಸಿ ನಿಮ್ಮಂಗೇ ಮಾಡ್ದೆ. ರಬ್ಬರ್ ಅಗ್ದಂಗಾಯ್ತು!"

"ಇನ್ನೂ ಸ್ವಲ್ಪ ಹೊತ್ತು ನೆನೆಸಬೇಕು ಕಣಮ್ಮ" ಅಂದೆ. (ಸುಳ್ಳಿಗೆ ರೆಸಿಪಿ ಬೇರೆ!)

ಇಲ್ಲಿಗೇ ನಿಂತಿದ್ದರೆ ನಾನೂ ಮರೆಯುತ್ತಿದ್ದೆ. ಆದರೆ ಚೈತ್ರ ಕಾಲೇಜಿನಿಂದ ಬರುವಾಗ ಸ್ಕೂಟರ್ ಜಾರಿ ಬಿದ್ದಳು. ರಸ್ತೆಯ ತಿರುವಿನಲ್ಲಿ ಯಾರೋ ಮನೆ ಕಟ್ಟಿಸಲು ಸುರಿದಿದ್ದ ಮರಳು. ಭುಜದ ಹತ್ತಿರದ ಕಾಲರ್ ಬೋನ್ ಮುರಿಯಿತು. ಹಾಸನದ ಆಸ್ಪತ್ರೆಗೆ ಸೇರಿಸಿದರು. ಶಾಂತಳೂ ನಾನೂ ಓಡಿದೆವು.

ಜೀವಕ್ಕೇನೂ ತೊಂದರೆ ಇರಲಿಲ್ಲ. ಕೈ ಕಟ್ಟಿಸಿಕೊಂಡು ಹುಡುಗಿ ನಗುತ್ತಲೇ ಇದ್ದಳು. ಸುಮಿತ್ರ ಮಾತ್ರ ನನ್ನನ್ನು ವರಾಂಡಕ್ಕೆ ಕರೆದುಕೊಂಡು ಹೋಗಿ ಅತ್ತಳು. "ನಾನೇ ಏನೋ ತಪ್ಪು ಮಾಡಿವ್ನಿ ಭಾವ. ಎಲ್ಲಿ ತಪ್ತು ಅಂತ ಗೊತ್ತಾಯ್ತಿಲ್ಲ. ಒಂದೊಂದೇ ಸೋಮ್ವಾರಾನ ನೆಪ್ಪು ಮಾಡ್ಕೊತಿವ್ನಿ."

ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಗಳಿಗೆ ಇತ್ತೇ? ನಾನು ತೆರೆದೆ. "ಮರಳಿಗೆ ಸ್ಕೂಟರ್ ಜಾರೋದು ಸಹಜ ಕಣಮ್ಮ, ಹರಕೆಗೂ ಇದಕ್ಕೂ ಸಂಬಂಧ ಇಲ್ಲ" ಅಂತ ಬುದ್ಧಿ ಹೇಳಿದೆ. ಮಾತು ಸರಿಯೇ ಇತ್ತು. ನಾನು ಆ ಸರಿಯಾದ ಮಾತಿನ ಹಿಂದೆ ಅಡಗಿಕೊಂಡಿದ್ದೆ.

ಆಮೇಲೆ ಒಂದು ಸಂಜೆ ಸುಮಿತ್ರಳ ಗಂಡ ಜಯಣ್ಣ ಫೋನ್ ಮಾಡಿದ. ದನಿಯೇ ಸರಿಯಿರಲಿಲ್ಲ. ಸುಮಿತ್ರ ಕೊನೆಗೂ ತಪ್ಪು ಕಂಡುಹಿಡಿದಿದ್ದಳು. ಅವಳ ಅತ್ತೆ, ಅಂದರೆ ಜಯಣ್ಣನ ತಾಯಿ ಕೆಂಪಮ್ಮ, ಭಾನುವಾರ ಮೀನು ಸಾರು ಮಾಡಿದ ಮಡಕೆಯನ್ನು ಸರಿಯಾಗಿ ತೊಳೆಯದೆ ಅದರಲ್ಲೇ ಸೋಮವಾರ ಬೇಳೆ ಬೇಯಿಸಿರಬೇಕು. ಕೆಂಪಮ್ಮನಿಗೆ ಕಣ್ಣು ಮಂಜು. ಇನ್ನೇನು ಸಾಕ್ಷಿ ಬೇಕು?

"ಅವ್ವ ಮೊದ್ಲು ಇಲ್ಲ ಅಂತ ಆಣೆ ಮಾಡ್ತು ಅಣ್ಣ" ಅಂದ ಜಯಣ್ಣ. "ಈಗ ಅದ್ಕೇ ಅನುಮಾನ ಬಂದ್ಬುಟ್ಟೈತೆ. ಇದ್ರೂ ಇರ್ಬೋದು, ನಂಗೆ ಕಣ್ ಕಾಣಕಿಲ್ಲ, ಮೊಮ್ಮಗೀನ ನಾನೇ ಬೀಳಿಸ್ದೆ ಅಂತ ಹಿತ್ಲಲ್ಲಿ ಕುಂತ್ಕೊಂಡೈತೆ. ಒಲೆ ಹತ್ರಕ್ಕೇ ಓಯ್ತಿಲ್ಲ."

ಫೋನ್ ಇಟ್ಟು ಶಾಂತಳಿಗೆ ಎಲ್ಲ ಹೇಳಿದೆ. ಅವಳು ಕೂಗಾಡಲಿಲ್ಲ. "ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗ್ರೀ" ಅಂದಳು.

"ನೀನೂ ಬಾ."

"ನಾನ್ಯಾಕೆ ಬರ್ಲಿ? ತಿನ್ನಿಸಿದ್ದು ನೀವು, ಮುಚ್ಚಿಟ್ಟಿದ್ದು ನೀವು."

ಅರಕಲಗೂಡಿನ ಬಸ್ಸಿನಲ್ಲಿ ಕೂತು ಮಾತು ಜೋಡಿಸಿಕೊಂಡೆ. ಅಲ್ಲಿ ಸುಮಿತ್ರ ಕಾಫಿ ತಂದಿಟ್ಟಾಗ ಜೋಡಿಸಿದ್ದೆಲ್ಲ ಉದುರಿಹೋಯಿತು. "ಆವತ್ತು ನೀನು ತಿಂದದ್ದು ಸೋಯಾ ಅಲ್ಲ. ಮೀನು. ಟಿನ್ನಿನ ಮೀನು. ನಿನ್ನ ಹರಕೆಯ ಸೋಮವಾರ ಅಂತ ನನಗೆ ತಿಳಿದ ಮೇಲೂ ನಾನು ಸುಳ್ಳು ಹೇಳಿದೆ" ಅಂದೆ.

ಅವಳು ಬೈಯಲಿಲ್ಲ. ಎದ್ದು ಹಿತ್ತಿಲಿಗೆ ಹೋದಳು. ಕೆಂಪಮ್ಮನ ಕೈ ಹಿಡಿದು ನಡೆಸಿಕೊಂಡು ಬಂದು ನನ್ನೆದುರು ಕೂರಿಸಿದಳು.

"ಈಗ ನಮ್ಮತ್ತೆ ಮುಂದೆ ಯೋಳಿ ಭಾವ."

ಇನ್ನೊಮ್ಮೆ ಹೇಳಿದೆ. ಮೊದಲ ಸಲಕ್ಕಿಂತ ಕಷ್ಟವಾಯಿತು. ತಲೆಯೆತ್ತಿ ಹೇಳಲು ಆಗಲಿಲ್ಲ. ಆ ಮುದುಕಿ ಪೂರ್ತಿ ಕೇಳಿಸಿಕೊಂಡಿತು. ಟಿನ್ ಅಂದರೇನು, ಸಲಾಡ್ ಅಂದರೇನು, ಒಂದನ್ನೂ ವಿಚಾರಿಸಲಿಲ್ಲ. ಸೊಸೆಯ ಕಡೆ ತಿರುಗಿ ಕೇಳಿತು: "ಅಂಗಾರೆ ನಾನು ಮಡಕೆ ಸರ್ಯಾಗೇ ತೊಳ್ದಿದ್ನಾ?"

"ತೊಳ್ದಿದ್ರಿ ಕಣತ್ತೆ" ಅಂದಳು ಸುಮಿತ್ರ. ಅತ್ತೆಯ ಮೊಣಕಾಲಿಗೆ ತಲೆಯಿಟ್ಟು ಅತ್ತಳು. ಕೆಂಪಮ್ಮ ಅವಳ ಬೆನ್ನು ಸವರುತ್ತಾ, ನನ್ನ ಕಡೆ ನೋಡದೆಯೇ, "ಓಗ್ಲಿ ಬುಡಪ್ಪ, ಈಗ್ಲಾದ್ರೂ ಬಂದ್ಯಲ್ಲ" ಅಂತು. ಆ 'ಈಗ್ಲಾದ್ರೂ' ನನ್ನನ್ನು ಇನ್ನೂ ಬಿಟ್ಟಿಲ್ಲ.

ಗೇಟಿನವರೆಗೆ ಸುಮಿತ್ರ ಬಂದಳು. "ಮೀನು ತಿಂದಿದ್ದು ಓಗ್ಲಿ ಭಾವ, ಅದಕ್ಕೆ ಸ್ವಾಮಿ ಹತ್ರ ಏನೋ ಒಂದ್ ಕೇಳ್ಕೊತೀನಿ. ಆಸ್ಪತ್ರೇಲಿ ನಿಮ್ ಮುಂದೆ ಅಷ್ಟ್ ಅತ್ತೆನಲ್ಲ, ಆಗ್ಲೂ ಬಾಯಿ ಬರ್ನಿಲ್ವಾ ನಿಮ್ಗೆ?"

ಬಸ್ ಸ್ಟ್ಯಾಂಡಿನ ಕಡೆ ನಡೆದೆ.

ಇದೆಲ್ಲ ಆಗಿ ಮೊನ್ನೆ ಭಾನುವಾರ ಅವರೆಲ್ಲ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಚೈತ್ರಳ ಕೈಕಟ್ಟು ಬಿಚ್ಚಿದ ಖುಷಿಗೆ ಶಾಂತಳೇ ಕರೆದಿದ್ದಳು. ಮುದ್ದೆ, ಕೋಳಿ ಸಾರು. ಕೆಂಪಮ್ಮ ಎರಡನೇ ಸಲ ಸಾರು ಬಿಡಿಸಿಕೊಂಡಿತು. ಜಯಣ್ಣ ಎಂದಿನಂತೆ ನಗಿಸಿದ. ಸುಮಿತ್ರ ನನ್ನನ್ನು ಭಾವ ಅಂತಲೇ ಕರೆದಳು, ಮರ್ಯಾದೆಯಲ್ಲಿ ಏನೂ ಕಡಿಮೆಯಿರಲಿಲ್ಲ. ಎಲ್ಲ ಮೊದಲಿನ ಹಾಗೇ ಆಯಿತಲ್ಲ ಅಂತ ಹಗುರಾದೆ.

ಆವತ್ತು ನಾನು ಮಾಡಿದ್ದು ಒಂದೇ ಕೆಲಸ. ಸೌತೆಕಾಯಿ ಹೆಚ್ಚಿ ಉಪ್ಪು ನಿಂಬೆಹುಳಿ ಹಾಕಿದ್ದು. ಬಡಿಸಿಕೊಂಡು ಹೋದಾಗ ಸುಮಿತ್ರ ಬೇಡ ಅನ್ನಲಿಲ್ಲ, ತಟ್ಟೆಗೆ ಹಾಕಿಸಿಕೊಂಡಳು. ಅಕ್ಕನ ಸಾರನ್ನು ಬೆರಳು ನೆಕ್ಕಿ ಉಂಡಳು. ತಟ್ಟೆ ಎತ್ತುವಾಗ ನೋಡಿದೆ. ಸೌತೆಕಾಯಿ ಹಾಗೇ ಇತ್ತು, ಒಂದು ಚೂರೂ ಕದಲಿರಲಿಲ್ಲ.

ಭಾನುವಾರ ಅವಳು ಮೀನನ್ನೂ ತಿನ್ನುತ್ತಾಳೆ. ಸೌತೆಕಾಯಿ ಯಾಕೆ ಬಿಟ್ಟೆ ಅಂತ ಕೇಳಲು ನನಗೆ ಬಾಯಿ ಎಲ್ಲಿದೆ?