ಬಗ್ಗಲೆಂದೇ ಕೂರಿಸಿದ ಬಂಪರ್

ಜೂನ್ ಎರಡನೆಯ ಭಾನುವಾರ. ಬರೆಯಲು ಕೂತಾಗ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ.

ನಿನ್ನೆ ಹುಣಸೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಶೆಡ್ಡಿನಿಂದ ಒಂದು ವಾಸನೆ ಬಂತು. ಕಾದ ಕಬ್ಬಿಣಕ್ಕೆ ಹಳೆಯ ಟೈರಿನ ರಬ್ಬರು ತಗುಲಿದಾಗ ಏಳುವ ಕಮಟು. ಉಳಿದವರು ಮೂಗು ಮುಚ್ಚಿಕೊಂಡರು. ನಾನು ಹತ್ತಿರ ಹೋಗಿ ನಿಂತೆ. ಎಚ್.ಡಿ. ಕೋಟೆ ರಸ್ತೆಯ ಬದಿಯಲ್ಲಿ, ತಗಡಿನ ಚಪ್ಪರದ ಕೆಳಗೆ ಕೂತು ಬಂಪರ್ ರಿಪೇರಿ ಮಾಡುತ್ತಿದ್ದ ಚೇಟ್ಟ ನೆನಪಾದರು...

ಮಲಯಾಳಿಗಳನ್ನು ನಮ್ಮ ಕಡೆ ಕರೆಯುವುದೇ ಹಾಗೆ. ಇವರು ಹೊಲ ಗುತ್ತಿಗೆ ಹಿಡಿದು ಶುಂಠಿ ಬೆಳೆಯುವವರ ಜೊತೆ ವಯನಾಡಿನಿಂದ ಬಂದಿದ್ದರು. ನನ್ನ ದಿನಚರಿಯಲ್ಲಿ ತಾರೀಖುಗಳೆಲ್ಲ ಇವೆ, ಅವರ ಹೆಸರಿಲ್ಲ.

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಅಕ್ಕ ಹಳೆಯದೊಂದು ಫೋರ್ ವೀಲ್ ಡ್ರೈವ್ ಪಿಕಪ್ ಕೊಂಡಳು. ಮಳೆಗಾಲದಲ್ಲಿ ಹಸಿ ಶುಂಠಿ ಕಿತ್ತಾಗ ಲಾರಿಗಳು ಹೊಲಕ್ಕೆ ಇಳಿಯುವುದಿಲ್ಲ. ಟಾರು ರಸ್ತೆಯವರೆಗೆ ಮೂಟೆ ಸಾಗಿಸುವುದು ಇಂಥ ಗಾಡಿಗಳೇ. ಕೆಸರಿನ ಏರನ್ನು ಯಾವ ಗಾಡಿಯೂ ಒಂಟಿಯಾಗಿ ಹತ್ತಲಾರದು. ಸಾಲಾಗಿ ನಿಂತು, ಹಿಂದಿನದು ತನ್ನ ಬಂಪರನ್ನು ಮುಂದಿನದರ ಬೆನ್ನಿಗೆ ಕೊಟ್ಟು ತಳ್ಳಬೇಕು. ಕೊನೆಯ ಗಾಡಿಯನ್ನು ಮೇಲೆ ಹತ್ತಿದವರು ಹಗ್ಗ ಕಟ್ಟಿ ಎಳೆದುಕೊಳ್ಳುತ್ತಾರೆ. ತಳ್ಳಲಾಗದ ಗಾಡಿಗೆ ಸಾಲಿನಲ್ಲಿ ಜಾಗವಿರಲಿಲ್ಲ. ಅದು ಏರು ಒಣಗುವವರೆಗೆ ಕೆಳಗೇ ಕಾಯಬೇಕು. ಅಷ್ಟರಲ್ಲಿ ಲಾರಿ ಹೊರಟಿರುತ್ತಿತ್ತು.

ಮೊದಲ ದಿನವೇ ಅಕ್ಕ ಮುಂದಿನ ಗಾಡಿಯನ್ನು ತಳ್ಳಹೋದಾಗ ಅವಳ ಬಂಪರ್ ಒಳಕ್ಕೆ ಮಡಚಿಕೊಂಡು ಟೈರಿಗೆ ತಾಗಿತು. ಮುಂದಿನ ಗಾಡಿಯ ಡ್ರೈವರ್, ಕಂಪಲಾಪುರದವನು, ಇಳಿದು ಬಂದು ನೋಡಿದ.

"ಏನಕ್ಕಾ, ಈ ಮೂತಿ ತಳ್ಳಕ್ಕೋ, ಇಲ್ಲ ಮುದ್ದು ಮಾಡ್ಸ್ಕಳಕ್ಕೋ?"

"ಮೊದ್ಲು ನಿನ್ ಗಾಡಿ ಹಿಂದ್ಗಡೆ ನೋಡ್ಕಳಪ್ಪ. ಕೊಟ್ಗೆ ಬಾಗ್ಲು ಇದ್ದಂಗದೆ," ಎಂದಳು ಅಕ್ಕ.

ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಸಾಲು ಅವಳನ್ನು ಬಿಟ್ಟು ಹೊರಟಿತು. ಉಳಿದವರು ಮೂರು ಟ್ರಿಪ್ ಹೊಡೆದ ದಿನ ಅಕ್ಕನದು ಒಂದು, ಕೆಲವು ದಿನ ಸೊನ್ನೆ ಎಂದು ನಾನು ಬರೆದಿಟ್ಟಿದ್ದೇನೆ. ಆ ತಿಂಗಳ ಕೊನೆಗೆ ಗಾಡಿ ಮಾರಿಬಿಡುವ ಮಾತನ್ನು ಅವಳೇ ಎತ್ತಿದಳು. ಮಾರುವ ಮುಂಚೆ ಒಮ್ಮೆ ರಿಪೇರಿ ಮಾಡಿಸಿ ನೋಡೋಣ ಎಂದು ಚೇಟ್ಟನ ಹತ್ತಿರ ಹೋದೆವು.

"ರೈಲ್ ಕಂಬಿನೇ ಹಾಕ್ಬುಡಿ. ಆನೆ ಬಂದ್ ಗುದ್ದುದ್ರೂ ಅಲ್ಲಾಡ್ಬಾರ್ದು ಕಣ್ರೀ," ಎಂದಳು.

ಚೇಟ್ಟ ಗಾಡಿಯ ಅಡಿಯಿಂದಲೇ ಮಾತಾಡಿದರು. "ಆನೆ ಬಂದ್ರೆ ನೀನು ಗಾಡಿ ಬಿಟ್ಟು ಓಡು ಮೋಳೇ." ಮೋಳೇ ಎಂದರೆ ಅವರ ಭಾಷೆಯಲ್ಲಿ ಮಗಳೇ. "ಬಂಪರ್ ಬಗ್ಗಲ್ಲ ಅಂದ್ರೆ ಚಾಸಿ ಬಗ್ಗುತ್ತೆ. ಆಮೇಲೆ ನಿನ್ನ ಗಾಡಿ ಏಡಿ ಥರ ಅಡ್ಡಡ್ಡ ಹೋಗುತ್ತೆ."

ಹಳೆಯ ಬಂಪರನ್ನೇ ಕಾಯಿಸಿ ನೆಟ್ಟಗೆ ಮಾಡಿದರು. ಬಂಪರಿಗೂ, ಗಾಡಿಯ ಅಡಿಯ ಚೌಕಟ್ಟಾದ ಚಾಸಿಗೂ ನಡುವೆ ಕಿವಿಯಂಥ ಎರಡು ತೆಳು ಪಟ್ಟಿಗಳನ್ನಿಟ್ಟು, ಬೆಸುಗೆ ಹಾಕದೆ ಬೋಲ್ಟಿನಲ್ಲಿ ಬಿಗಿದರು. ಆಮೇಲೆ ಒಂದು ಕೋಲು ಹಿಡಿದು, ಟೀ ಅಂಗಡಿಯ ಮುಂದೆ ನಿಂತಿದ್ದ ಗಾಡಿಗಳ ಹಿಂಭಾಗದ ಎತ್ತರ ಅಳೆಯಲು ಹೊರಟರು.

"ಏನ್ ಚೇಟ್ಟಾ, ನನ್ ಗಾಡಿಗೆ ಲಂಗ ಹೊಲೀತೀರಾ?" ಎಂದ ಕಂಪಲಾಪುರದವನು.

"ನಿನ್ನ ಗಾಡಿ ದಪ್ಪ ಉಂಟು. ಬಟ್ಟೆ ಸಾಲಲ್ಲ."

ಅಕ್ಕನ ಬಂಪರ್ ತಗ್ಗಿನಲ್ಲಿತ್ತು. ತಳ್ಳಿದಾಗ ಮುಂದಿನ ಗಾಡಿಯ ಅಡಿಗೆ ನುಗ್ಗಿ ಮಡಚಿಕೊಳ್ಳುತ್ತಿತ್ತು. ಅದನ್ನು ಒಂದು ಗೇಣು ಮೇಲೆತ್ತಿ, ಮುಖಕ್ಕೆ ಟೈರಿನ ತುಂಡು ಹೊಡೆದರು.

ಮರುವಾರ ಜೋರು ಮಳೆಯ ಮಧ್ಯಾಹ್ನ. ಸಾಲಿನ ಮೊದಲ ಗಾಡಿ ಏರಿನ ನಡುವೆ ಹೂತು, ಮೂಟೆಗಳ ಸಮೇತ ಹಳ್ಳದ ಕಡೆ ಜಾರತೊಡಗಿತು. ಅದರ ಹಿಂದಿದ್ದ ಕಂಪಲಾಪುರದವನ ಚಕ್ರಗಳು ನಿಂತಲ್ಲೇ ತಿರುಗಿದವು. ಅವನ ಹಿಂದೆ ಇನ್ಯಾರೂ ಇರಲಿಲ್ಲ. ಕೆಳಗೆ ಕಾಯುತ್ತಿದ್ದ ಅಕ್ಕ ಗಾಡಿ ಎತ್ತಿದಳು. ನಾನು ಪಕ್ಕದಲ್ಲಿದ್ದೆ.

"ಬ್ಯಾಡ ಕಣಕ್ಕಾ, ಮುರ್ದೋಯ್ತದೆ!" ಅವನು ತಲೆ ಹೊರಗೆ ಹಾಕಿ ಕೂಗಿದ.

ಅಕ್ಕ ಗೇರು ಇಳಿಸಿದಳು. ರಬ್ಬರನ್ನು ಮೆಲ್ಲಗೆ ಅವನ ಗಾಡಿಯ ಬೆನ್ನಿಗೆ ತಾಗಿಸಿ, ಆಮೇಲೆ ಒತ್ತಿದಳು. ಮುಂದೆ ಎಲ್ಲೋ ಕಬ್ಬಿಣ ನರಳಿತು. ಮೂರೂ ಗಾಡಿಗಳು ಒಟ್ಟಿಗೆ ಅಲುಗಿದವು, ನಿಂತವು, ಮತ್ತೆ ಅಲುಗಿದವು... ಹತ್ತಿಬಿಟ್ಟವು.

ಮೇಲೆ ಇಳಿದು ನೋಡಿದರೆ ಎಡಗಡೆಯ ಕಿವಿ ಮಡಚಿಹೋಗಿತ್ತು. ಅಕ್ಕನ ಕಣ್ಣು ತುಂಬಿತು. ಮತ್ತೆ ಮುರಿಯಿತು, ಇನ್ನು ಮುಗಿಯಿತು ಎಂದುಕೊಂಡಳು. ಕಂಪಲಾಪುರದವನು ಕೆಸರಿನಲ್ಲೇ ಮಲಗಿ ಗಾಡಿಯ ಅಡಿಗೆ ತೂರಿದ.

"ಚಾಸಿ ದಾರ ಇಡ್ದಂಗೆ ನೆಟ್ಟಗದೆ ಕಣಕ್ಕಾ. ಕಿವಿ ಒಂದು ಮಡಚ್ಕಂಡದೆ, ಅಷ್ಟೇಯ."

ಸಂಜೆ ಚೇಟ್ಟ ಆ ಕಿವಿಯನ್ನು ಕೈಯಲ್ಲಿ ಹಿಡಿದು, ಪರೀಕ್ಷೆಯಲ್ಲಿ ಪಾಸಾದ ಮಗುವನ್ನು ನೋಡುವಂತೆ ನೋಡಿದರು. ಇನ್ನೆರಡು ಕಿವಿಗಳನ್ನು ಆಗಲೇ ಮಾಡಿ ಮೊಳೆಗೆ ನೇತುಹಾಕಿದ್ದರು. ಆದರೆ ತಾವು ಬಿಗಿಯಲಿಲ್ಲ. "ಸ್ಪ್ಯಾನರ್ ನೀನು ಹಿಡಿ. ಏರಿನ ಮೇಲೆ ನಾನು ಇರಲ್ಲ," ಎಂದರು. ಅಕ್ಕ ಗೊಣಗುತ್ತಲೇ ಬಿಗಿದಳು. ಮರುದಿನ ಏರಿನ ಕೆಳಗೆ ಕಂಪಲಾಪುರದವನು ಕಿಟಕಿಯಿಂದ ಕೈ ಚಾಚಿ, ತನ್ನ ಹಿಂದೆ ಬಾ ಎಂದು ಸನ್ನೆ ಮಾಡಿದ. ಗಾಡಿ ಮಾರುವ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ.

ಒಮ್ಮೆ ಶುಂಠಿ ಬೆಳೆದ ಮಣ್ಣಿನಲ್ಲಿ ಮರುವರ್ಷ ಶುಂಠಿ ಹಾಕುವುದಿಲ್ಲ. ಗುತ್ತಿಗೆಯವರು ಹೊಸ ಮಣ್ಣು ಹುಡುಕಿಕೊಂಡು ಹೊರಡುತ್ತಾರೆ. ಚೇಟ್ಟನೂ ಒಂದು ಬೇಸಿಗೆಯಲ್ಲಿ ಹಾಗೇ ಹೋದರು. ನಾವು ಹೋದಾಗ ಚಪ್ಪರದ ತಗಡೂ ಇರಲಿಲ್ಲ. ನಾಲ್ಕು ಕಂಬ ಮಾತ್ರ. ಹಾವೇರಿ ಕಡೆ ಎಂದರು ಟೀ ಅಂಗಡಿಯವರು, ಶಿಕಾರಿಪುರ ಎಂದರು ಇನ್ನೊಬ್ಬರು... ಹೋಗಿಬನ್ನಿ ಎಂದು ಹೇಳುವುದಕ್ಕೂ ಆಗಲಿಲ್ಲ. ಅಕ್ಕ ಆ ಕಂಬಗಳ ನಡುವೆ ಸ್ವಲ್ಪ ಹೊತ್ತು ನಿಂತಿದ್ದಳು.

ಈಗ ನಮ್ಮ ಅಂಗಳದಲ್ಲೇ ಕಿವಿಗಳು ತಯಾರಾಗುತ್ತವೆ. ನಾನಿದನ್ನು ಬರೆಯುವಾಗ ಅಕ್ಕ ಹೊರಗೆ ಮಿರ್ಲೆಯಿಂದ ಬಂದ ಗಾಡಿಯ ಅಡಿ ಮಲಗಿದ್ದಾಳೆ. ಗಾಡಿಯವನು ಗಟ್ಟಿ ಕಂಬಿಯನ್ನೇ ಹಾಕಿ ಎಂದು ಹಟ ಹಿಡಿದಿದ್ದಾನೆ. ಅವಳು ಏಡಿಯ ಕಥೆ ಹೇಳುತ್ತಿದ್ದಾಳೆ.

ಬಂಪರ್ ರಿಪೇರಿ ಮಾಡುವ, ಅರವತ್ತರ ಆಸುಪಾಸಿನ, ಎಡಗೈಯಲ್ಲಿ ಸುತ್ತಿಗೆ ಹಿಡಿಯುವ ಚೇಟ್ಟನನ್ನು ನಿಮ್ಮ ಊರಿನ ಶುಂಠಿ ಹೊಲಗಳ ಬಳಿ ಕಂಡಿದ್ದರೆ ದಯವಿಟ್ಟು ನನಗೆ ಬರೆಯಿರಿ. ಅವರ ಹೆಸರನ್ನೂ ಕೇಳಿ ಬರೆಯಿರಿ. ಅವರಿಗೆ ಒಂದು ಸುದ್ದಿ ಮುಟ್ಟಿಸಬೇಕು: ಅಕ್ಕ ಈಗ ಸಾಲಿನ ಕೊನೆಯಲ್ಲಿ ನಿಲ್ಲುತ್ತಾಳೆ. ಎಲ್ಲರ ಭಾರವೂ ಬೀಳುವ ಆ ಜಾಗವನ್ನು ಉಳಿದ ಡ್ರೈವರುಗಳೇ ಅವಳಿಗೆ ಬಿಟ್ಟುಕೊಟ್ಟಿದ್ದಾರೆ.